ಟ್ಯಾನರ್ ದೊರೆಯ ಗಿಡ

ಥ್ಯಾಂಕ್ಸ್ ಸಾರ್ ಅಂದುಬಿಟ್ಟಿದ್ದ. ಪ್ರಿನ್ಸಿಪಾಲರ ಕೋಣೆಯಿಂದ ಹೊರಬಿದ್ದು, ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ನೀರು ಕುಡಿದು, ಬಾಯಿ ಮುಕ್ಕಳಿಸಿ ಉಗಿದ ಮೇಲೂ ಆ ಮಾತು ಕದಿರೇಶನ ನಾಲಿಗೆಯ ಮೇಲೆ ಹಾಗೇ ಕೂತಿತ್ತು. ಯಾರೂ ಕತ್ತು ಹಿಡಿದು ಹೇಳಿಸಿರಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದನೋ ಏನೋ, ಆದರೆ ಪ್ರಿನ್ಸಿಪಾಲ್ ಮುರಳೀಕೃಷ್ಣ ಬೈಯುವ ಮನುಷ್ಯನೇ ಅಲ್ಲ. ಕುರ್ಚಿಯಿಂದ ಎದ್ದು ಬಂದು, ಹೆಗಲ ಮೇಲೆ ಕೈ ಇಟ್ಟು, ‘ಕೂತ್ಕೊಳ್ಳಿ ಕದಿರೇಶ್, ಕಾಫಿ ತರಿಸ್ಲಾ?’ ಅಂದು, ಆಮೇಲೆ ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಹೇಳಿದ್ದರು: ‘ಆ ಒಂದು ಬೋರ್ಡು ಅಳಿಸಿಸ್ದೆ. ನಿಮಗೋಸ್ಕರಾನೇ. ಮಧ್ಯಾಹ್ನ ಬೆಂಗಳೂರಿಂದ ಪರಿಶೀಲನೆಗೆ ಮೂರು ಜನ ಬರ್ತಾರೆ, ಹುಡುಗ್ರೆಲ್ಲ ಸುತ್ತ ನಿಂತಿರ್ತಾರೆ. ಆ ಪದ ಓದಿ ಯಾರಾದ್ರೂ ಕಿಸಕ್ ಅಂದ್ರೆ? ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ನೋಡಿ.’ ಕದಿರೇಶ ತಲೆ ಆಡಿಸಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಇಲ್ಲ, ಬಾಯಿ ತಾನಾಗಿ ತೆರೆದುಕೊಂಡು ಥ್ಯಾಂಕ್ಸ್ ಸಾರ್ ಅಂದಿತ್ತು, ಅದೂ ಎಂಥ ನಯವಾದ ದನಿಯಲ್ಲಿ. ಕಾಫಿ ಬರುವವರೆಗೂ ಕಾದು, ಕುಡಿದು, ಲೋಟ ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಿದ್ದ.

ಆ ಬೋರ್ಡಿದ್ದ ಸಸ್ಯವನ, ಸಸ್ಯಶಾಸ್ತ್ರ ಕಲಿಸುವ ಕದಿರೇಶನದೇ ಯೋಚನೆ. ಕಾಲೇಜಿನ ಹಿಂದೆ, ನೀರಿನ ಟ್ಯಾಂಕಿನಿಂದ ಕಾಂಪೌಂಡ್ ಗೋಡೆಯವರೆಗೆ ಪಾಳು ಬಿದ್ದಿದ್ದ ಜಾಗ. ಗೋಡೆಯಾಚೆ ಮುಳಬಾಗಿಲಿನ ಬಂಡೆಗಳು ಒಂದರ ಮೇಲೊಂದು ಕೂತಿರುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಬೇಲಿಯಲ್ಲಿ ಬೆಳೆಯುವುದನ್ನೂ ಕಳೆಯೆಂದು ಕಿತ್ತು ಬಿಸಾಡುವುದನ್ನೂ ಅಲ್ಲೇ ಉಳಿಸಿ, ಒಂದೊಂದಕ್ಕೆ ಒಂದೊಂದು ತಗಡಿನ ಬೋರ್ಡು ನೆಟ್ಟು, ಅದರ ಮೇಲೆ ಶಾಸ್ತ್ರದ ಹೆಸರು, ಇಂಗ್ಲಿಷ್ ಹೆಸರು, ಕನ್ನಡದ ಹೆಸರು ಬರೆಸಿ, ಕೆಳಗೆ ಆ ಇಂಗ್ಲಿಷ್ ಹೆಸರು ಯಾಕೆ ಬಂತು ಅಂತ ಎರಡು ಸಾಲು. ಆ ಎರಡು ಸಾಲಿನಲ್ಲೇ ಅವನ ಪ್ರಾಣ. ನುಗ್ಗೆಕಾಯಿ ನಗಾರಿ ಬಾರಿಸುವ ಕೋಲಿನ ಹಾಗಿದೆ ಅಂತ ಡ್ರಮ್‌ಸ್ಟಿಕ್ ಆಯ್ತು, ಸೀತಾಫಲದ ತಿರುಳು ಅವರ ಹಾಲು ಮೊಟ್ಟೆಯ ಪಾಯಸದ ಹಾಗಿದೆ ಅಂತ ಕಸ್ಟರ್ಡ್ ಆ್ಯಪಲ್ ಆಯ್ತು. ಎರಡೆರಡು ಪದ ಅಂಟಿಸಿ ಹೆಸರಿಟ್ಟವರು ಯಾವುದೋ ಬೀದಿಯಲ್ಲಿ, ಯಾವುದೋ ಅಡುಗೆಮನೆಯಲ್ಲಿ ನಿಂತು ಕೈಯಲ್ಲಿದ್ದ ಸಾಮಾನು ನೋಡಿ ಇಟ್ಟಿದ್ದಾರೆ, ಪಂಡಿತರಲ್ಲ, ಅಂತ ಕ್ಲಾಸಿನಲ್ಲಿ ಹೇಳುವಾಗ ಕದಿರೇಶನ ಮುಖವೇ ಬೇರೆಯಾಗುತ್ತಿತ್ತು. ಹಾಗೇ ನೀರಿನ ಟ್ಯಾಂಕ್ ಸೋರುವ ಕಡೆ ತಾನಾಗಿ ಹಬ್ಬಿದ್ದ, ಬಿಳಿ ಹೂವಿನ, ದಾಟಿ ಹೋದರೆ ಪ್ಯಾಂಟಿಗೆಲ್ಲ ಕಪ್ಪು ಬೀಜ ಚುಚ್ಚಿಕೊಳ್ಳುವ, ಹುಡುಗರು ಅಂಟುಗಿಡ ಅನ್ನುವ ಆ ಕಳೆಗೆ ಕಾಬ್ಲರ್ಸ್ ಪೆಗ್ಸ್ ಅಂತ ಬರೆಸಿದ್ದ. ಕೆಳಗೆ, ‘ಹಿಂದೆ ಇಂಗ್ಲಿಷರ ನಾಡಿನಲ್ಲಿ ಬೂಟಿನ ಅಟ್ಟೆಯನ್ನು ಸಣ್ಣ ಮರದ ಮೊಳೆ ಹೊಡೆದು ಕೂಡಿಸುತ್ತಿದ್ದರು. ಬೀಜ ಆ ಮೊಳೆಯ ಹಾಗಿರುವುದರಿಂದ ಚಮ್ಮಾರನ ಮೊಳೆ ಎಂದು ಹೆಸರು.’

ಈಗ ಆ ಬೋರ್ಡಿನ ನಡುವೆ ಥಿನ್ನರ್ ಹಾಕಿ ಉಜ್ಜಿದ ಬೂದಿ ಬಣ್ಣದ ಕಲೆ. ಅದರ ಮೇಲೆ ಸ್ಪ್ಯಾನಿಷ್ ನೀಡಲ್ ಅಂತ ಹೊಸ ಅಕ್ಷರ. ಕೆಳಗಿನ ಎರಡು ಸಾಲಿನ ಜಾಗ ಖಾಲಿ. ಬೋರ್ಡು ಬರೆಯುವ ಕಾಂತರಾಜ್ ಇನ್ನೊಂದು ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ. ಕದಿರೇಶ ಬಂದದ್ದು ನೋಡಿ ಕುಂಚ ಕೆಳಗಿಟ್ಟ. ‘ಸಾರ್, ತಪ್ಪು ತಿಳ್ಕೋಬೇಡಿ, ಒಂದ್ ಕೇಳ್ಲಾ? ಅದೇನ್ ಬರೆಸ್ಬಿಟ್ಟಿದ್ರಿ ನನ್ ಕೈಲಿ? ಬೆಳಿಗ್ಗೆ ಬೆಳಿಗ್ಗೇನೇ ಪ್ರಿನ್ಸಿಪಾಲ್ ಸಾರ್ ಓಡಿ ಬಂದು, ಮೊದ್ಲು ಅದನ್ನ ಅಳಿಸು, ಹುಡುಗ್ರು ಬರೋಕ್ ಮುಂಚೆ ಅಳಿಸು ಅಂದ್ರು. ಬೈಗುಳಾನಾ ಸಾರ್ ಅದು? ಇಂಗ್ಲಿಷ್ ಬರಲ್ಲ ಅಂತ ಹಿಂಗ್ ಮಾಡ್ಬಾರ್ದು ನೀವು. ನಾನು ದೇವಸ್ಥಾನದ ಬೋರ್ಡೂ ಬರೆಯೋನು.’

‘ಬೈಗುಳ ಅಲ್ಲ ಕಾಂತರಾಜ್.’

‘ಮತ್ತೆ?’

ಮತ್ತೆ ಏನು ಅಂತ ಹೇಳುವುದಕ್ಕೆ ಕದಿರೇಶ ಬಾಯಿ ತೆರೆದ. ಗಂಟೆ ಹೊಡೆಯಿತು. ‘ಕ್ಲಾಸಿದೆ,’ ಅಂದು ಹೊರಟ. ಹೋಗುತ್ತಾ ನೆನೆದ, ಇಷ್ಟು ವರ್ಷದಲ್ಲಿ ಎಷ್ಟು ಗಂಟೆಗಳು ತನ್ನನ್ನು ಹೀಗೆ ಕಾಪಾಡಿವೆ.

ಕ್ಲಾಸಿನ ಬೋರ್ಡಿನ ಕಡೆ ಮುಖ ಮಾಡಿ ಎಲೆಯ ಚಿತ್ರ ಬರೆಯುತ್ತಿದ್ದಾಗ ಸಿಟ್ಟು ನಿಧಾನವಾಗಿ ಮೇಲಕ್ಕೆ ಬಂತು. ಯಾರ ಚಮ್ಮಾರ ಅವನು? ಆ ಮರದ ಮೊಳೆ ಹೊಡೆದವನು ಯಾವುದೋ ಮಂಜಿನ ಊರಿನವನು. ಅವನಿಗೆ ಬೀದಿಯಲ್ಲಿ ಅಂಗಡಿ ಇತ್ತು, ಬಾಗಿಲ ಮೇಲೆ ಹೆಸರಿತ್ತು, ಭಾನುವಾರ ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದ. ಅವನ ಹೆಸರನ್ನು ಗಿಡಕ್ಕೆ ಇಟ್ಟವರು ಅವನನ್ನು ಹೊಗಳಲೂ ಇಲ್ಲ ತೆಗಳಲೂ ಇಲ್ಲ, ಬಡಗಿಯ ಉಳಿ ಅಂದ ಹಾಗೆ, ಕುಂಬಾರನ ತಿಗರಿ ಅಂದ ಹಾಗೆ ಅಂದುಕೊಂಡು ಹೋದರು. ಆ ಹೆಸರು ಸಮುದ್ರ ದಾಟಿ ಮುಳಬಾಗಿಲಿಗೆ ಬಂದದ್ದೇ ತಡ, ಮುಟ್ಟಬಾರದ್ದಾಗಿಬಿಟ್ಟಿತು. ಇಂಗ್ಲಿಷ್ ಚಮ್ಮಾರನನ್ನೂ ಬಿಡಲಿಲ್ಲವಲ್ಲ ಇವರು, ಕರೆತಂದು ಅವನನ್ನೂ ಊರಾಚೆ ನಿಲ್ಲಿಸಿದರಲ್ಲ. ಮತ್ತೆ ಅಪ್ಪ ಅಪ್ಪಾಜಪ್ಪ ಒಂದು ದಿನವೂ ಮರದ ಮೊಳೆ ಹೊಡೆದವರಲ್ಲ. ಅವರು ಹೊಲಿದ ಚಪ್ಪಲಿಗೆ ಮೊಳೆಯೇ ಇರಲಿಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಸುಗ್ಗಿಯ ಕೊನೆಗೆ ವರ್ಷದ ಕೂಲಿಯೆಂದು ರಾಗಿಯ ಆಯ ಕೊಡುವ ಮನೆಯ ಜಗುಲಿಯ ಕೆಳಗೆ ಕೂತು, ಮೇಲಿನಿಂದ ಇಳಿಬಿಟ್ಟ ಕಾಲಿಗೆ ಜೋಡು ತೊಡಿಸಿ, ‘ಕಚ್ತದಾ ಬುದ್ಧಿ?’ ಅಂತ ಕೇಳುತ್ತಿದ್ದರು. ಕಾಲು ಉತ್ತರ ಹೇಳುತ್ತಿತ್ತು, ಬಾಯಲ್ಲ. ಕಚ್ಚಿದರೆ ಹೆಬ್ಬೆರಳಿನಿಂದ ಅಪ್ಪನ ಮೊಣಕಾಲನ್ನು ತಿವಿಯುತ್ತಿತ್ತು. ‘ಸಾರ್, ಎಲೆ ಗೋಡೆ ಮೇಲೆ ಹೋಗ್ತಿದೆ,’ ಅಂತ ಹಿಂದಿನಿಂದ ಯಾರೋ ಅಂದರು. ನಗು. ಸೀಮೆಸುಣ್ಣ ಕಪ್ಪು ಹಲಗೆ ದಾಟಿ ಸುಣ್ಣದ ಗೋಡೆಯ ಮೇಲೆ ಗೆರೆ ಎಳೆದಿತ್ತು.

ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳು ತೆರೆದಿದ್ದವು. ಕಾಮರ್ಸ್ ಹೇಳುವ ಅರುಣ್‌ಕುಮಾರ್, ಕನ್ನಡದ ರಮಾದೇವಿ, ಇನ್ನಿಬ್ಬರು. ಕದಿರೇಶ ಕುರ್ಚಿ ಎಳೆದುಕೊಂಡಾಗ ಮಾತು ನಿಂತಿತು, ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ವಡ್ಡಹಳ್ಳಿ ಮಂಡಿಯ ಟೊಮೆಟೊ ಬಗ್ಗೆ ಮಾತಾಡತೊಡಗಿದರು. ಅರುಣ್‌ಕುಮಾರ್‌ಗೆ ಮಾತ್ರ ತಡೆಯಲಾಗಲಿಲ್ಲ. ಅವನು ಕೆಟ್ಟವನಲ್ಲ, ಸುಮ್ಮನಿರಲಾರ ಅಷ್ಟೇ. ‘ಅಲ್ಲ ಸಾರ್, ಆ ಹೆಸರು ಯಾಕ್ ಬಂತು ಅಂತ ನಂಗ್ ಹೊಳೀತು. ಆ ಬೀಜ ಒಂದ್ಸಲ ಅಂಟ್ಕೊಂಡ್ರೆ ಬಿಡಲ್ಲ ಅಲ್ವಾ? ಅದಕ್ಕೇ ಇರ್ಬೇಕು,’ ಅಂದ.

‘ಅದಕ್ಕೆ ಅಂದ್ರೆ?’ ಅಂದ ಕದಿರೇಶ.

‘ಅಂದ್ರೆ… ಆ ಥರ ಜನ, ಕೆಲವು ಸಲ…’ ಅರುಣ್‌ಕುಮಾರ್ ಸುತ್ತ ನೋಡಿದ. ‘ನಿಮ್ ಬಗ್ಗೆ ಅಲ್ಲ ಸಾರ್, ಮತ್ತೆ. ನಿಮ್ಮನ್ನ ನಾವು ಹಂಗ್ ನೋಡೇ ಇಲ್ಲ.’

ತನ್ನ ಡಬ್ಬಿಯೊಳಗಿನ ಅವರೆಬೇಳೆ ಹುಳಿಯನ್ನು ಕದಿರೇಶನ ಮುಚ್ಚಳಕ್ಕೆ ಸುರಿದ, ಪ್ರಾಯಶ್ಚಿತ್ತದ ಹಾಗೆ. ಕದಿರೇಶ ಅದನ್ನು ತಿಂದ. ರುಚಿಯಾಗಿಯೂ ಇತ್ತು, ಅದೇ ಅವಮಾನ. ಬೀಜದ ಆಕಾರಕ್ಕೆ ಬಂದ ಹೆಸರು ಅದು, ಅಂಟುವ ಗುಣಕ್ಕಲ್ಲ ಅಂತ ಹೇಳುವುದಕ್ಕೆ ಒಂದು ವಾಕ್ಯ ಸಾಕಿತ್ತು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ಹೇಳಬಹುದಾಗಿತ್ತು, ಜಾತಿಯ ಮಾತೇ ಬರುತ್ತಿರಲಿಲ್ಲ. ಆದರೆ ಎಲ್ಲರೂ ಅವನ ಮುಖವನ್ನು ನೋಡದಿರಲು ಅಷ್ಟೊಂದು ಶ್ರಮಪಡುತ್ತಿದ್ದರು.

ಕೈ ತೊಳೆಯುವಾಗ ರಮಾದೇವಿ ಪಕ್ಕಕ್ಕೆ ಬಂದರು. ಇಡೀ ಕಾಲೇಜಿನಲ್ಲಿ ಕದಿರೇಶನಿಗೆ ನಿಜವಾಗಿ ಇಷ್ಟವಾದವರೆಂದರೆ ಅವರೊಬ್ಬರು. ಅವನ ಮಗಳ ಹುಟ್ಟುಹಬ್ಬಕ್ಕೆ ಕೋಲಾರದ ಮನೆಗೆ ಬಂದು, ಅವನ ತಾಯಿ ದೊಡ್ಡಮುನಿಯಮ್ಮನ ಹತ್ತಿರ ಕೂತು ತೆಲುಗಿನಲ್ಲಿ ಹರಟೆ ಹೊಡೆದು ಹೋದವರು. ‘ಕದಿರೇಶ್ ಸಾರ್, ನಾನೇ ಪ್ರಿನ್ಸಿಪಾಲರಿಗೆ ಹೇಳಿದ್ದು ಕಣ್ರೀ. ನಿನ್ನೆ ಸಂಜೆ ಬೋರ್ಡು ಓದ್ದೆ. ಎದೆ ಧಸಕ್ ಅಂತು. ನೀವು ಗಿಡದ ಮೋಹದಲ್ಲಿ ಗಮನಿಸಿಲ್ಲ ಅನ್ನಿಸ್ತು. ನಾಳೆ ನಿಮಗೇ ಬೇಜಾರಾಗತ್ತಲ್ಲ ಅಂತ.’

‘ನನಗ್ಯಾಕೆ ಬೇಜಾರಾಗತ್ತೆ ಮೇಡಂ?’

ರಮಾದೇವಿ ಸೆರಗಿನಿಂದ ಕೈ ಒರೆಸಿಕೊಂಡರು. ‘ಅಲ್ಲ… ನಿಮ್ಮವರ ಕೆಲಸ ಅಲ್ವಾ.’

‘ನಿಮಗೆ ಹೇಗೆ ಗೊತ್ತು? ಅಮ್ಮ ಹೇಳಿದ್ರಾ?’

‘ಅಯ್ಯೋ, ಅವ್ರ್ಯಾಕೆ ಹೇಳ್ಬೇಕು. ನೀವು ಸೇರಿದ ವರ್ಷಾನೇ ಎಲ್ಲರಿಗೂ ಗೊತ್ತಲ್ವಾ ಸಾರ್,’ ಅಂದರು, ಅವನ ರಕ್ತದ ಗುಂಪು ಹೇಳಿದಷ್ಟು ಸಹಜವಾಗಿ. ಆಮೇಲೆ, ಹೆಚ್ಚು ಹೇಳಿದೆನೇನೋ ಅನ್ನಿಸಿ, ಅವನ ತೋಳು ಮುಟ್ಟಿ, ‘ಹೋಗ್ಲಿ ಬಿಡಿ, ಇವತ್ತೊಂದು ದಿನ ಕಳೀಲಿ,’ ಅಂದರು.

ಸೇರಿದ ವರ್ಷಾನೇ. ಹಾಗಾದರೆ ಇಷ್ಟು ವರ್ಷ, ‘ನಿಮ್ಮ ಮನೆದೇವ್ರು ಯಾವ್ದು ಸಾರ್?’ ಅಂತ ಸುತ್ತಿ ಬಳಸಿ ಕೇಳಿದಾಗಲೆಲ್ಲ ಚೌಡೇಶ್ವರಿ ಅಂದದ್ದು, ಚೌಡೇಶ್ವರಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ ಅಂತ ಯೋಚಿಸಿಯೇ ಅಂದದ್ದು. ಟೇಕಲ್ ಹತ್ತಿರ ಯಾವ ಊರು ಅಂದರೆ ರೈಲ್ವೆ ಸ್ಟೇಷನ್ ಪಕ್ಕ ಅಂದದ್ದು. ಅಪ್ಪ ಏನು ಮಾಡುತ್ತಿದ್ದರು ಅಂದರೆ ಕೃಷಿ ಅಂದದ್ದು. ಮಗಳಿಗೂ ಅದನ್ನೇ ಹೇಳಿಕೊಟ್ಟದ್ದು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ಬೂಟು ತೋರಿಸಿದರೆ, ಅದರ ಹೊಲಿಗೆ ಸರಿಯಿಲ್ಲ ಅಂತ ಒಂದು ನೋಟಕ್ಕೇ ತಿಳಿದರೂ ಚೆನ್ನಾಗಿದೆ ಅಂದದ್ದು. ಎಲ್ಲರೂ ಗೊತ್ತಿದ್ದೂ ಕೇಳಿದ್ದರು, ಗೊತ್ತಿದ್ದೂ ತಲೆ ಆಡಿಸಿದ್ದರು. ಬಾಗಿಲು ಹಾಕಿಕೊಂಡು ಬಟ್ಟೆ ಬದಲಾಯಿಸುತ್ತಿದ್ದೇನೆ ಅಂದುಕೊಂಡವನಿಗೆ ಆ ಕೋಣೆಗೆ ಗೋಡೆಯೇ ಇರಲಿಲ್ಲ ಅಂತ ತಿಳಿದ ಹಾಗೆ ಕದಿರೇಶನ ಕಿವಿ ಬಿಸಿಯಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತನ್ನ ಮೇಲೋ ಗೊತ್ತಾಗಲಿಲ್ಲ, ಸದ್ಯಕ್ಕೆ ಇಬ್ಬರ ಮೇಲೂ ಮಾಡಿಕೊಂಡ.

ಮೆಟ್ಟಿಲ ಹತ್ತಿರ ಮೌನಿಕಾ ಕಾಯುತ್ತಿದ್ದಳು. ಕೊನೆಯ ವರ್ಷದ ಬಿಎಸ್ಸಿ, ಮಾತಿನಲ್ಲಿ ಕೊಂಚ ಒರಟು, ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವಳು ಅವಳೊಬ್ಬಳೇ. ಬಂದವರಿಗೆ ಗಿಡಗಳ ಬಗ್ಗೆ ವಿವರಿಸುವ ಕೆಲಸವನ್ನು ಅವಳ ತಂಡಕ್ಕೇ ವಹಿಸಿದ್ದ.

‘ಸಾರ್, ನನ್ನ ಅಲ್ಲಿಂದ ಎತ್ತಿಬಿಟ್ಟಿದಾರೆ.’

‘ಎಲ್ಲಿಂದ?’

‘ಕಾಬ್ಲರ್ಸ್ ಪೆಗ್ಸ್ ಹತ್ರದಿಂದ. ಪ್ರಿನ್ಸಿಪಾಲ್ ಸಾರ್ ಕರೆದು, ನೀನು ತಂಗಡಿ ಗಿಡದ ಹತ್ರ ನಿಂತ್ಕೋ ಅಂದ್ರು. ಯಾಕ್ ಸಾರ್ ಅಂದೆ. ಆ ಪದ ಸರಿಯಿಲ್ಲ, ಕದಿರೇಶ್ ಸಾರೂ ಒಪ್ಕೊಂಡಿದಾರೆ, ಥ್ಯಾಂಕ್ಸ್ ಕೂಡ ಹೇಳಿದ್ರು ಅಂದ್ರು.’ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ‘ಹೇಳಿದ್ರಾ ಸಾರ್?’

ಕದಿರೇಶ ಕನ್ನಡಕ ತೆಗೆದು ಒರೆಸಿದ. ‘ನಿನಗೆ ಯಾವ ಗಿಡ ಆದ್ರೇನಮ್ಮ.’

‘ನಾನೇ ಕೇಳಿ ತಗೊಂಡಿದ್ದೆ ಅದನ್ನ. ಬಸ್ ಸ್ಟ್ಯಾಂಡ್ ಹತ್ರ ಕೊಡೆ, ಚಪ್ಪಲಿ ರಿಪೇರಿಗೆ ಕೂತ್ಕೋತಾರಲ್ಲ, ಅವ್ರು ನಮ್ಮಪ್ಪ. ಕ್ಲಾಸಲ್ಲಿ ಎಲ್ಲರಿಗೂ ಗೊತ್ತು, ನಾನೇನ್ ಮುಚ್ಚಿಟ್ಟಿಲ್ಲ. ನಿಮ್ಮ ಎರಡು ಸಾಲು ಮನೇಲಿ ಓದಿ ಹೇಳ್ದೆ. ‘ಮನ ಪೇರುತೋ ಇಂಗ್ಲಿಷ್‌ಲೋ ಚೆಟ್ಟು ಉಂದಾ’ ಅಂತ ಅಪ್ಪ ನಗ್ತಾನೇ ಇದ್ರು. ನಮ್ಮ ಹೆಸರಲ್ಲಿ ಗಿಡ ಇದೆ ಅಂತ ಪಕ್ಕದ ಹೂವಿನ ಅಂಗಡಿಯವ್ರಿಗೂ ಹೇಳ್ಕೊಂಡು ಬಂದಿದಾರೆ. ಇವತ್ತು ಸಂಜೆ ಬೋರ್ಡು ನೋಡೋಕೆ ಬರ್ತಾರೆ ಸಾರ್. ನಾನೇನ್ ಹೇಳ್ಲಿ ಅವರಿಗೆ? ನಮ್ಮ ಹೆಸರು ಕೆಟ್ಟದು ಅಂತ ಅಳಿಸಿದ್ರು ಅಂತಾನಾ?’

ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಾಗಿತ್ತು. ಕದಿರೇಶ, ‘ನೋಡ್ತೀನಿ,’ ಅಂದ. ನೋಡ್ತೀನಿ ಅಂದರೆ ಏನೂ ಮಾಡಲ್ಲ ಅಂತ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ.

‘ಸರಿ ಬಿಡಿ. ಇನ್ನೊಂದು. ಈ ಟ್ಯಾನರ್ ಅನ್ನೋರು ಯಾರು ಸಾರ್?’

‘ಯಾರು?’

‘ತಂಗಡಿಗೆ ಇಂಗ್ಲಿಷಲ್ಲಿ ಟ್ಯಾನರ್ಸ್ ಕೇಸಿಯಾ ಅಂತಿದೆಯಲ್ಲ. ನೀವು ಕೆಳಗಿನ ಎರಡು ಸಾಲು ಬರ್ದೇ ಇರ್ಲಿಲ್ಲವಂತೆ, ಖಾಲಿ ಇತ್ತಂತೆ. ಪ್ರಿನ್ಸಿಪಾಲ್ ಸಾರೇ ತುಂಬ್ಸಿದಾರೆ. ಟ್ಯಾನರ್ ಅನ್ನೋ ಬ್ರಿಟಿಷ್ ಸಸ್ಯವಿಜ್ಞಾನಿ ಗೌರವಾರ್ಥ ಇಟ್ಟ ಹೆಸರು ಅಂತ. ಅದನ್ನೇ ಬಾಯಿಪಾಠ ಮಾಡು ಅಂದ್ರು. ಹುಟ್ಟಿದ ವರ್ಷ ಕೇಳಿದ್ರೆ ಏನ್ ಹೇಳ್ಲಿ?’

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕದಿರೇಶನಿಗೆ ನಗು ಬಂತು. ಬಂದಷ್ಟೇ ಬೇಗ ಕಹಿಯಾಯಿತು. ‘ಕೇಳಲ್ಲ, ಹೋಗು,’ ಅಂದ. ಅವಳು ಹೋದಳು.

ಬಿಸಿಲಲ್ಲಿ ತಂಗಡಿ ಹೊಳೆಯುತ್ತಿತ್ತು. ಕೋಲಾರದಿಂದ ಶ್ರೀನಿವಾಸಪುರದವರೆಗೆ ಯಾವ ಬಂಜರಿನಲ್ಲಿ ಬೇಕಾದರೂ, ಯಾರೂ ನೀರು ಹಾಕದೆ, ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಲ್ಲುವ ಗಿಡ. ಅದರ ಬುಡಕ್ಕೆ ಇಟ್ಟಿಗೆಯ ಕಟ್ಟೆ ಕಟ್ಟಿ, ಸುಣ್ಣ ಬಳಿದು, ರಂಗೋಲಿಯನ್ನೂ ಹಾಕಿದ್ದರು. ದೊರೆಯ ಗಿಡವಲ್ಲವೇ. ಬೋರ್ಡಿನ ಬಣ್ಣ ಇನ್ನೂ ಹಸಿ. ಚಮ್ಮಾರನನ್ನು ಅಳಿಸಿದ ಕೈಯೇ, ಅದೇ ಬೆಳಿಗ್ಗೆ, ಚರ್ಮ ಹದ ಮಾಡುವ ಟ್ಯಾನರನನ್ನು ದೊರೆ ಮಾಡಿ ಕೂರಿಸಿತ್ತು. ಅಪ್ಪಾ, ನೋಡು ಬಾ, ನಿನಗೆ ಕೋಟು ಹ್ಯಾಟು ಹಾಕಿದ್ದಾರೆ. ಆದರೆ ಆ ಎರಡು ಸಾಲು ಖಾಲಿ ಬಿಟ್ಟವರು ಯಾರು? ಕಾಬ್ಲರನ ಬಗ್ಗೆ ಬರೆಯುವಾಗ ಕೈ ತಡೆದಿರಲಿಲ್ಲ, ಯಾಕೆಂದರೆ ಅವನು ಮಂಜಿನ ಊರಿನವನು, ಅವನ ಮೊಳೆ ಮರದ್ದು. ಕಾಂತರಾಜ್‌ಗೆ ಬರೆದುಕೊಡಬೇಕಾದ ತಂಗಡಿಯ ಚೀಟಿ ಮುಂದೆ ಇಟ್ಟುಕೊಂಡು ಕೂತಾಗ ಪೆನ್ನು ಮುಂದೆ ಹೋಗಲಿಲ್ಲ. ಇದರ ತೊಗಟೆಯನ್ನು ಅಂತ ಬರೆದ ಕೂಡಲೇ ಮೂಗಿಗೆ ವಾಸನೆ ಬಂತು. ಸುಣ್ಣದ ನೀರಿನಲ್ಲಿ ನೆನೆದು ಕೂದಲು ಕಳಚಿದ ತೊಗಲಿನದು, ಹಿತ್ತಿಲಿನ ಬಾನಿಯಲ್ಲಿ ತಂಗಡಿ ತೊಗಟೆ ಕುದ್ದು ಕೆಂಪಾದ ನೀರಿನದು. ತೊಗಟೆ ಸುಲಿದು ತರುವುದು ಅವನ ಪಾಲಿನ ಕೆಲಸ. ಟೇಕಲ್ ಬೆಟ್ಟದ ತಪ್ಪಲಲ್ಲಿ ಅಕ್ಕಂದಿರ ಜೊತೆ ಹೋಗಿ, ಹೂ ಬಿಟ್ಟ ರೆಂಬೆ ಬಿಟ್ಟು ಬಲಿತದ್ದನ್ನು ಕಡಿದು, ಕಲ್ಲಿನಿಂದ ಜಜ್ಜಿದರೆ ತೊಗಟೆ ಪಟ್ಟೆಯಂತೆ ಬಿಟ್ಟುಕೊಳ್ಳುತ್ತಿತ್ತು. ಅಂಗೈಯೆಲ್ಲ ಕಂದು ಕೆಂಪು, ನಾಲ್ಕು ದಿನ ತೊಳೆದರೂ ಹೋಗದ್ದು. ಸೋಮವಾರ ಮೇಷ್ಟ್ರು ಉಗುರು ನೋಡಲು ಕೈ ಚಾಚಿಸಿ, ‘ಏನ್ಲಾ ಇದು, ಮದರಂಗಿನಾ?’ ಅಂದಾಗ, ‘ಹೌದು ಸಾ, ಮದುವೆ ಇತ್ತು,’ ಅಂದ. ಮೇಷ್ಟ್ರು ನಕ್ಕು, ‘ಯಾರ್ದು, ನಿಂದಾ?’ ಅಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮೇಷ್ಟ್ರ ಮೂಗಿನ ಹೊಳ್ಳೆ ಮಾತ್ರ ಒಂದು ಸಲ ಅಗಲವಾಗಿ ಮುಚ್ಚಿಕೊಂಡದ್ದು ಅವನಿಗೆ ಕಾಣಿಸಿತ್ತು. ಈಗ ಗೊತ್ತಾಗುತ್ತಿದೆ, ಆ ಮೇಷ್ಟ್ರಿಗೂ ಮೊದಲೇ ಗೊತ್ತಿತ್ತು.

ಎರಡು ಬಿಳಿ ಕಾರುಗಳು ಗೇಟಿನಲ್ಲಿ ಹಾರ್ನ್ ಮಾಡಿದವು.

ಬಂದವರು ಮೂವರು. ಮುಂದೆ ಛತ್ರಿ ಹಿಡಿದ ಎತ್ತರದ ಮೇಡಂ, ಅವರ ಹಿಂದೆ ಬಿಸಿಲಿಗೆ ಬೇಸತ್ತ ಇಬ್ಬರು ಗಂಡಸರು. ಹಾರ, ಎಳನೀರು, ಲ್ಯಾಬು, ಲೈಬ್ರರಿ ಎಲ್ಲ ಮುಗಿದು ಸಸ್ಯವನಕ್ಕೆ ಬಂದರು. ನುಗ್ಗೆಯ ಹತ್ತಿರ ಒಂದು ಹುಡುಗಿ ನಗಾರಿಯ ಕೋಲಿನ ಕಥೆ ಹೇಳಿದಳು. ‘ಈ ಐಡಿಯಾ ಚೆನ್ನಾಗಿದೆ,’ ಅಂದರು ಮೇಡಂ, ‘ಯಾರದ್ದು?’ ಮುರಳೀಕೃಷ್ಣ, ‘ನಮ್ಮ ಕದಿರೇಶ್ ಅವರದ್ದು, ತುಂಬಾ ಸಜ್ಜನರು,’ ಅಂದರು. ಸಜ್ಜನ ಅನ್ನುವುದು ಕೆಲಸಕ್ಕೆ ಸಂಬಂಧವಿಲ್ಲದ ಮಾತು ಅಂತ ಕದಿರೇಶನಿಗೆ ಅನ್ನಿಸಿತು. ಬೇರೆ ಯಾರ ಬಗ್ಗೆಯಾದರೂ ಹಾಗಂದಿದ್ದರಾ? ಅವನು ಕೈ ಮುಗಿದ. ಬೂದಿ ಬಣ್ಣದ ಕಲೆಯ ಬೋರ್ಡನ್ನು ತಪ್ಪಿಸಿ, ಟ್ಯಾಂಕಿನ ಕಡೆಗೆ ಹೋಗದಂತೆ ಗುಂಪನ್ನು ಬಲಕ್ಕೆ ತಿರುಗಿಸಿದರು. ತಂಗಡಿಯ ಮುಂದೆ ಮೌನಿಕಾ ನೆಟ್ಟಗೆ ನಿಂತಿದ್ದಳು.

‘ಇದು ತಂಗಡಿ. ಆವರಿಕೆ ಅಂತಾನೂ ಕರೀತಾರೆ. ಇಂಗ್ಲಿಷಲ್ಲಿ ಟ್ಯಾನರ್ಸ್ ಕೇಸಿಯಾ. ಈ ಹೆಸರು ಬಂದಿದ್ದು…’ ಅಷ್ಟಕ್ಕೇ ನಿಲ್ಲಿಸಿದಳು. ಮರೆತು ನಿಲ್ಲಿಸಿದ್ದಲ್ಲ. ಬಾಯಿಪಾಠ ಬಾಯಲ್ಲಿದೆ, ಆದರೆ ಉಗುಳಲು ಮನಸ್ಸಿಲ್ಲ ಅನ್ನುವ ಹಾಗೆ ತುಟಿ ಬಿಗಿದು ಕದಿರೇಶನ ಕಡೆ ನೋಡಿದಳು. ಕದಿರೇಶ ಹೂವಿನ ಕಡೆ ನೋಡಿದ.

ಮುರಳೀಕೃಷ್ಣ ಮುಂದೆ ಬಂದರು. ‘ಮಕ್ಕಳಿಗೆ ಗಾಬರಿ ಮೇಡಂ. ಟ್ಯಾನರ್ ಅಂತ ಒಬ್ಬ ಬ್ರಿಟಿಷ್ ಬಾಟನಿಸ್ಟು. ಚಿನ್ನದ ಗಣಿ ಕಾಲದಲ್ಲಿ ಈ ಕಡೆಯೆಲ್ಲ ಓಡಾಡಿದ್ರಂತೆ.’

‘ಕುದುರೆ ಮೇಲೆ,’ ಅಂದ ಅರುಣ್‌ಕುಮಾರ್, ತಡೆಯಲಾರದೆ.

‘ಹೌದಾ? ನಾನು ಕೇಳೇ ಇರ್ಲಿಲ್ಲ,’ ಅಂದರು ಮೇಡಂ. ಛತ್ರಿಯನ್ನು ಪಕ್ಕದವರ ಕೈಗೆ ಕೊಟ್ಟು ಪೆನ್ನು ತೆಗೆದರು. ‘ಇನಿಷಿಯಲ್ಸ್ ಏನು ಅವರದು?’

ಮುರಳೀಕೃಷ್ಣ ನಗುತ್ತಲೇ ಕದಿರೇಶನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಯಾವುದಾದರೂ ಎರಡು ಅಕ್ಷರ ಹೇಳಿದರೆ ಮುಗಿಯುತ್ತಿತ್ತು. ಜೆ. ಹೆಚ್. ಟ್ಯಾನರ್. ಆ ಮೇಡಂ ಬರೆದುಕೊಂಡು ಹೋಗುತ್ತಿದ್ದರು, ಮುಂದಿನ ವರ್ಷ ಇನ್ಯಾವುದೋ ಕಾಲೇಜಿನ ಬೋರ್ಡಿನಲ್ಲೂ ಅದು ಏರುತ್ತಿತ್ತು, ಅಲ್ಲಿಂದ ಪುಸ್ತಕಕ್ಕೆ, ಮತ್ತೆ ತೊಗಟೆ ಜಜ್ಜಿದವರ ಸುಳಿವೂ ಇರುತ್ತಿರಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಿಂದ ಒಬ್ಬ ಮನುಷ್ಯ ಕೆಲಸ ಬಿಟ್ಟು, ಕೈಕಾಲು ತೊಳೆದು ಬಂದು ಆ ಬೂದಿ ಕಲೆಯ ಮುಂದೆ ನಿಲ್ಲುತ್ತಾನೆ. ಅವನ ಮಗಳು ಈಗ ತನ್ನ ಕಡೆ ನೋಡುವುದನ್ನೂ ಬಿಟ್ಟು ನೆಲ ನೋಡುತ್ತಿದ್ದಾಳೆ.

‘ಬರ್ಕೋಬೇಡಿ ಮೇಡಂ,’ ಅಂದ ಕದಿರೇಶ.

‘ಏನು?’

‘ಟ್ಯಾನರ್ ಅಂದ್ರೆ ಯಾರದ್ದೋ ಹೆಸರಲ್ಲ. ಚರ್ಮ ಹದ ಮಾಡುವವನು ಅಂತ. ಇದರ ತೊಗಟೆಯಲ್ಲಿ ಹದ ಮಾಡ್ತಾರೆ, ಅದಕ್ಕೆ ಬಂದ ಹೆಸರು. ಆ ಬೋರ್ಡಲ್ಲಿರೋದು ತಪ್ಪು. ಬರೀಬೇಕಾದವನು ನಾನು, ಬರೀದೆ ಬಿಟ್ಟಿದ್ದೆ.’ ನಿಲ್ಲಿಸಬಹುದಾಗಿತ್ತು, ಸಸ್ಯಶಾಸ್ತ್ರ ಅಲ್ಲಿಗೆ ಮುಗಿದಿತ್ತು.

‘ಈ ಕಡೆ ಮಾಡ್ತಿದ್ರಾ ಅದನ್ನ?’ ಅಂತ ಮೇಡಂ ಕೇಳಿದರು. ಬರಿಯ ಕುತೂಹಲ.

‘ನಮ್ಮನೇಲೇ ಮಾಡ್ತಿದ್ರು. ಟೇಕಲ್ ಹತ್ರ. ನಮ್ಮಪ್ಪ ಅಪ್ಪಾಜಪ್ಪ. ಹದ ಮಾಡಿ ಚಪ್ಪಲಿ ಹೊಲೀತಿದ್ರು. ತೊಗಟೆ ಸುಲ್ಕೊಂಡ್ ಬರೋದು ನನ್ನ ಕೆಲಸ. ನಾವು ಮಾದಿಗರು ಮೇಡಂ.’

ಯಾರೂ ಕಿಸಕ್ ಅನ್ನಲಿಲ್ಲ. ಹುಡುಗರ ಗುಂಪಿನಲ್ಲಿ ಯಾರೋ ಒಬ್ಬ ತನ್ನ ಚಪ್ಪಲಿಯ ಕಡೆ ನೋಡಿಕೊಂಡ, ಅವನನ್ನು ನೋಡಿ ಇನ್ನೊಬ್ಬ ನೋಡಿಕೊಂಡ. ರಮಾದೇವಿಯವರ ಕಣ್ಣಲ್ಲಿ ನೀರಾಡಿತು, ಅದನ್ನು ನೋಡಿ ಕದಿರೇಶನಿಗೆ ಮತ್ತಷ್ಟು ಸಿಟ್ಟು ಬಂತು. ಅಳುವಂಥದ್ದು ಅವನೇನು ಹೇಳಿದ್ದ? ಮೇಡಂ ಬರೆದದ್ದನ್ನು ಹೊಡೆದುಹಾಕಿ ಅದರ ಕೆಳಗೆ ಬೇರೇನೋ ಬರೆದುಕೊಂಡು, ‘ತೊಗಟೆ ಒಣಗಿಸಬೇಕೋ ಹಸಿಯಾಗೇ ಹಾಕ್ತಾರೋ?’ ಅಂದರು. ‘ಒಣಗಿಸಿ ಕುಟ್ಟಿ,’ ಅಂದ ಕದಿರೇಶ. ಅವರು ತಲೆ ಆಡಿಸಿ, ಛತ್ರಿ ಮತ್ತೆ ಕೈಗೆ ತೆಗೆದುಕೊಂಡು ಸೀತಾಫಲದ ಕಡೆ ನಡೆದರು. ಗುಂಪು ಹಿಂದೆ ಹೋಯಿತು. ಅಷ್ಟೇ. ಆಕಾಶ ಕಳಚಿ ಬಿದ್ದಿರಲಿಲ್ಲ. ಅಷ್ಟು ವರ್ಷ ಎದೆಯ ಮೇಲೆ ಇಟ್ಟುಕೊಂಡಿದ್ದನ್ನು ಇಳಿಸಿದರೆ ಅದು ನೆಲಕ್ಕೆ ಬಿದ್ದ ಸದ್ದೂ ಆಗಲಿಲ್ಲವಲ್ಲ ಅಂತ ಅವನಿಗೆ ಮೋಸವಾದಂತೆ ಅನ್ನಿಸಿತು.

ಮುರಳೀಕೃಷ್ಣ ಹಿಂದೆ ಉಳಿದಿದ್ದರು. ಅವರ ಹಣೆಯ ಮೇಲೆ ಬೆವರು. ಕೋಪವಿರಲಿಲ್ಲ, ನಿಜವಾದ ಕಳವಳವಿತ್ತು. ಹತ್ತಿರ ಬಂದು, ಮತ್ತೆ ಅವನ ಹೆಗಲ ಮೇಲೆ ಕೈ ಇಟ್ಟು, ಅದೇ ಸಾವಿನ ಮನೆಯ ದನಿಯಲ್ಲಿ ಹೇಳಿದರು: ‘ಎಂಥ ಕೆಲಸ ಮಾಡ್ಕೊಂಡ್ರಿ ಕದಿರೇಶ್. ನನಗೆ ಮೊದಲೇ ಒಂದು ಮಾತು ಹೇಳೋದಲ್ವಾ? ಇದನ್ನೂ ಅಳಿಸಿಬಿಡ್ತಿದ್ವಿ.’

ಕದಿರೇಶ ಆ ಕೈಯನ್ನು ಹೆಗಲಿನಿಂದ ತೆಗೆದ. ಒರಟಾಗಿ ತೆಗೆಯಲಿಲ್ಲ, ಎತ್ತಿ, ಅವರ ಪಕ್ಕಕ್ಕೆ ಇಳಿಬಿಟ್ಟ.

‘ಅಳಿಸಿ ನೋಡಿ ಸಾರ್.’

ಅದು ಕೊನೆಯ ಬೆಂಚಿಗೆ ಕೇಳಿಸಲೆಂದು ಆಡುವ ಕ್ಲಾಸಿನ ದನಿ. ಮುಂದೆ ಹೋಗುತ್ತಿದ್ದ ಗುಂಪು ನಿಂತಿತು. ಛತ್ರಿಯ ಮೇಡಂ ತಿರುಗಿ, ‘ಏನು ಅಳಿಸೋದು?’ ಅಂತ ಕೇಳಿದರು. ಮುರಳೀಕೃಷ್ಣ ಕದಿರೇಶನನ್ನೂ ಅವರನ್ನೂ ನೋಡಿ, ಏನೂ ಇಲ್ಲ ಅನ್ನುವಂತೆ ಕೈ ಆಡಿಸುತ್ತಿದ್ದರು.

‘ಬನ್ನಿ ಮೇಡಂ, ತೋರಿಸ್ತೀನಿ. ಟ್ಯಾಂಕಿನ ಹತ್ರ ಇನ್ನೊಂದು ಗಿಡ ಇದೆ,’ ಅಂದು ಕದಿರೇಶ ಗುಂಪನ್ನು ದಾಟಿಕೊಂಡು ಹೊರಟ. ಮೌನಿಕಾ ಆಗಲೇ ಅವನಿಗಿಂತ ಮುಂದೆ ನಡೆಯುತ್ತಿದ್ದಳು.